ಕೊನೇ ಬಸ್ಸು ತಪ್ಪಿಸದ ಸಿನೆಮಾ ಹಬ್ಬ ಬೇಕು

ಬ್ಯಾರಿ ಭಾಷೆಯಲ್ಲಿ ಒಂದು ಸಿನೆಮಾ ಬಂತು. ಹೆಸರೂ 'ಬ್ಯಾರಿ' ಅಂತಲೇ. 2011ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ದೇಶದ ಅತ್ಯುತ್ತಮ ಚಿತ್ರವೆಂದು ಮರಾಠಿಯ 'ದೇವೂಳ್' ಜೊತೆಗೆ ಸ್ವರ್ಣಕಮಲ ಹಂಚಿಕೊಂಡಿತು. ಕರಾವಳಿಯ ಪೇಟೆಯಲ್ಲಿ ದಿನಾ ಕಿವಿಗೆ ಬೀಳುವ ಮಾತು ದಿಲ್ಲಿಯ ವೇದಿಕೆ ಹತ್ತಿತು. ಸಂತೋಷ. ಆದರೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ನಿಂತು, ಆ ಸಿನೆಮಾ ನೋಡಿದವರು ಕೈ ಎತ್ತಿ ಅಂದರೆ ಎಷ್ಟು ಕೈ ಮೇಲೇಳಬಹುದು?

ಮಲ್ಪೆಯ ಮೀನುಗಾರರ ಬದುಕಿನಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆ ಇಟ್ಟು ಅಭಯಸಿಂಹ ತುಳುವಿನಲ್ಲಿ 'ಪಡ್ಡಾಯಿ' ಮಾಡಿದರು. 2018ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ತುಳು ಚಿತ್ರವಾಯಿತು. ಗಂಗೊಳ್ಳಿ ಬಂದರಿನಲ್ಲಿ ಬಲೆ ಹೊಲಿಯುವವರಲ್ಲಿ ಎಷ್ಟು ಮಂದಿಗೆ ಅದನ್ನು ದೊಡ್ಡ ಪರದೆಯ ಮೇಲೆ ನೋಡುವ ಯೋಗ ಬಂದೀತು? ಕೊಪ್ಪಳದ ಹಳ್ಳಿಯ ಹೆಂಗಸೊಬ್ಬಳ ಕಥೆ 'ಶಿವಮ್ಮ' 2022ರಲ್ಲಿ ದಕ್ಷಿಣ ಕೊರಿಯದ ಬೂಸಾನ್ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದಿತು. ಅದಕ್ಕೆ ದುಡ್ಡು ಹಾಕಿದವರು ಇದೇ ಕುಂದಾಪುರ ಸೀಮೆಯ ಕೆರಾಡಿಯ ರಿಷಬ್ ಶೆಟ್ಟಿ. ಕರ್ನಾಟಕದ ಚಿತ್ರಮಂದಿರಕ್ಕೆ ಅದು ಬಂದದ್ದು 2024ರಲ್ಲಿ. ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ ಎಂಬುದು ಇಂಥ ಚಿತ್ರಗಳ ಹಣೆಬರಹ.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಇಲ್ಲಿ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಿತ್ತಲ ಗಿಡವನ್ನು ಕೊರಿಯದವರು ಬಂದು ಮದ್ದು ಅಂತ ಹೇಳಿದರೂ ಮನೆಯವರಿಗೆ ಗಿಡ ಎಲ್ಲಿದೆ ಅಂತಲೇ ಗೊತ್ತಿಲ್ಲ.

ಈ ರೋಗಕ್ಕೆ ಒಂದು ಸಣ್ಣ ಮದ್ದಿದೆ. ಊರಿನಲ್ಲೇ ವರ್ಷಕ್ಕೆ ಮೂರು ದಿನದ ಒಂದು ಸಿನೆಮಾ ಉತ್ಸವ. ಸರಕಾರದ್ದಲ್ಲ, ಕಂಪೆನಿಯದ್ದಲ್ಲ, ಊರಿನದ್ದು. ಈ ಮಾತು ಕರಾವಳಿಯ ಚಾದಂಗಡಿಗಳಲ್ಲಿ ಆಗಾಗ ಏಳುತ್ತದೆ. ಚಾ ತಣಿಯುವ ಹೊತ್ತಿಗೆ ಮಾತೂ ತಣಿಯುತ್ತದೆ. ಯಾಕೆ ತಣಿಯುತ್ತದೆ, ತಣಿಯದಂತೆ ಮಾಡಲು ಏನು ಬೇಕು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಜನ ನೋಡುವುದಿಲ್ಲ ಎಂಬ ಸುಳ್ಳು

ಮೊದಲನೇ ಅಡ್ಡಮಾತು ಸಿದ್ಧವಾಗಿಯೇ ಇರುತ್ತದೆ. "ಹ್ವಾಯ್, ಅದೆಲ್ಲ ಅವಾರ್ಡ್ ಪಿಕ್ಚರ್ ಮಾರಾಯ್ರೆ. ಒಬ್ಬ ಬಾವಿಗೆ ಕೊಡಪಾನ ಇಳಿಸುದನ್ನೇ ಹತ್ತು ನಿಮಿಷ ತೋರಿಸ್ತ್ರ್. ಯಾರು ಕಾಂತ್ರ್?"

ಈ ಮಾತು ಬೇರೆ ಊರಿನವರು ಹೇಳಿದರೆ ಒಪ್ಪಬಹುದು. ಕರಾವಳಿಯವರು ಹೇಳುವಂತಿಲ್ಲ. ರಾತ್ರಿ ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಬಯಲಲ್ಲಿ ಕೂತು ಆಟ ನೋಡಿದ ಜನ ಇವರು. ಒಡ್ಡೋಲಗ ಮುಗಿಯಲು ಎಷ್ಟು ಹೊತ್ತು ಬೇಕು ಅಂತ ಯಾರೂ ಗಡಿಯಾರ ನೋಡಲಿಲ್ಲ. ಈಚೆಗೆ ಕಾಲಮಿತಿ ಪ್ರಯೋಗ ಬಂದಿದೆ ನಿಜ. ಹಾಗಂತ ತಾಳ್ಮೆ ಸತ್ತಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಕರ್ಣ ಹೀಗಂದ, ಕೃಷ್ಣ ಹಾಗಂದ ಎಂದು ಗಂಟೆಗಟ್ಟಲೆ ವಾದ ಕೇಳಿ, ಮರುದಿನ ಅಂಗಡಿ ಬಾಗಿಲು ತೆಗೆಯುತ್ತ ಆ ವಾದವನ್ನು ಮುಂದುವರಿಸುವ ಊರಿದು. ಸಿನೆಮಾ ಮುಗಿದ ಮೇಲೆ ಅರ್ಧ ಗಂಟೆ ಅದರ ಬಗ್ಗೆ ಮಾತಾಡುವುದಕ್ಕೆ ಬೆಂಗಳೂರಿನಲ್ಲಿ 'ಸಂವಾದ' ಎಂದು ಹೆಸರಿಟ್ಟು ಜನರನ್ನು ಹಿಡಿದು ಕೂರಿಸಬೇಕು. ಇಲ್ಲಿ ಜನರನ್ನು ಎಬ್ಬಿಸುವುದೇ ಕಷ್ಟವಾದೀತು.

ಘಟ್ಟದ ಮೇಲಿನ ಉದಾಹರಣೆಯೂ ಕಣ್ಣೆದುರಿಗಿದೆ. ಸಾಗರದ ಹತ್ತಿರದ ಹೆಗ್ಗೋಡು ಎಷ್ಟು ದೊಡ್ಡ ಊರು? ಅಡಿಕೆ ತೋಟದ ನಡುವಿನ ಹಳ್ಳಿ. 1949ರಲ್ಲಿ ಹುಟ್ಟಿದ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರು ಮಾಡಿ, ಜಗತ್ತಿನ ಹೆಸರಾಂತ ಚಿತ್ರಗಳನ್ನು ತರಿಸಿ ಹಳ್ಳಿಯ ಜನಕ್ಕೆ ತೋರಿಸಿತು. ಇಂಗ್ಲಿಷ್ ಓದಲು ಬಾರದವರೂ ಬಂದು ನೋಡಿದರು. ಅದರ ಹಿಂದಿದ್ದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯವರಿಗೆ ಅರ್ಥವಾಗದು ಎಂಬ ಮಾತು ಅಲ್ಲಿ ಸುಳ್ಳಾಗಿ ಅರ್ಧ ಶತಮಾನ ದಾಟಿದೆ. ಕರಾವಳಿಯಲ್ಲಿ ಅದನ್ನೇ ಈಗಲೂ ಹೇಳುತ್ತ ಕೂತರೆ ಹೇಗೆ?

ಇನ್ನು ಕರಾವಳಿಗೂ ಸಿನೆಮಾಕ್ಕೂ ನಂಟು ಇಂದಿನದ್ದಲ್ಲ. ಕೋಟದ ಶಿವರಾಮ ಕಾರಂತರು 1930ರ ಸುಮಾರಿಗೇ ಮೂಕಿಚಿತ್ರಕ್ಕೆ ಕೈ ಹಾಕಿದವರು. ಅವರ ಕಾದಂಬರಿ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು ಚಿತ್ರ ಮಾಡಿದಾಗ 1975ರ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರು ದೇಶದ ಶ್ರೇಷ್ಠ ನಟರಾದರು. ತುಳುವಿನ ಮೊದಲ ಚಿತ್ರ 'ಎನ್ನ ತಂಗಡಿ' ಬಂದದ್ದು 1971ರಲ್ಲಿ. ಇಷ್ಟೆಲ್ಲ ಇದ್ದೂ ಇಂದಿನ ಹೈಸ್ಕೂಲು ಹುಡುಗನಿಗೆ ಚೋಮನನ್ನು ಪರದೆಯ ಮೇಲೆ ನೋಡಲು ಜಾಗವಿಲ್ಲ. ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡಿದರೆ ಅದು ನೋಡಿದ ಹಾಗಲ್ಲ.

'ಕಾಂತಾರ' 2022ರಲ್ಲಿ ಬಂದಾಗ ಚಿತ್ರಮಂದಿರಗಳು ತುಂಬಿ ತುಳುಕಿದವು. ಇರಲಿ, ದೊಡ್ಡ ಚಿತ್ರಕ್ಕೆ ಅದರ ದಾರಿ ಗೊತ್ತು. ಅದಕ್ಕೆ ಯಾರ ಉತ್ಸವವೂ ಬೇಡ. ಉತ್ಸವ ಬೇಕಾಗಿರುವುದು ದಾರಿ ಇಲ್ಲದ ಚಿತ್ರಕ್ಕೆ. ಮತ್ತೆ, ಅಂಥ ಚಿತ್ರವನ್ನು ನಾಳೆ ಮಾಡಬಹುದಾದ ಇಲ್ಲಿನ ಹುಡುಗ ಹುಡುಗಿಗೆ.

ಯಾವಾಗ ಮಾಡುವುದು?

ಇದೇ ದೊಡ್ಡ ಪ್ರಶ್ನೆ. ಕರಾವಳಿಯ ಪಂಚಾಂಗದಲ್ಲಿ ಖಾಲಿ ಜಾಗ ಹುಡುಕುವುದು ಸುಲಭವಲ್ಲ. ನವೆಂಬರಿನಿಂದ ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚುವವರೆಗೆ ದಿನಾ ಎಲ್ಲಾದರೂ ಆಟ. ನಡುವೆ ಕಂಬಳ, ಕೋಲ, ಜಾತ್ರೆ, ಶಾಲಾ ವಾರ್ಷಿಕೋತ್ಸವ. ಏಪ್ರಿಲ್ ಮೇ ಅಂದರೆ ಮದುವೆ, ಹಾಲ್ ಕೇಳಿದರೆ ಬೈದು ಕಳಿಸುತ್ತಾರೆ. ಆಗಸ್ಟಿನಿಂದ ಅಷ್ಟಮಿ, ಚೌತಿ, ನವರಾತ್ರಿ, ದೀಪಾವಳಿ.

ಉಳಿಯುವುದು ಮಳೆಗಾಲ. "ಮಳೆಗಾಲದಲ್ಲಿ ಉತ್ಸವವೇ? ತಲೆ ಸರಿ ಇದೆಯೇ?" ಅಂತ ಕೇಳುವವರು ಸ್ವಲ್ಪ ಯೋಚಿಸಬೇಕು.

ಜೂನ್ 1ರಿಂದ ಜುಲೈ 31ರವರೆಗೆ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. 61 ದಿನ ದೋಣಿಗಳು ದಡದಲ್ಲಿ. ಬಂದರಿನ ಜನ ಮನೆಯಲ್ಲಿರುವ ಕಾಲ ಇದೊಂದೇ. ಆಷಾಢ, ಆಟಿ ಅಂತ ಮದುವೆ ಮುಂಜಿ ಇಲ್ಲ. ಹಾಗಾಗಿ ಸಭಾಭವನಗಳು ಖಾಲಿ. ಸೌಂಡ್ಸಿನವರಿಗೆ, ಕುರ್ಚಿ ಬಾಡಿಗೆಯವರಿಗೆ, ಜನರೇಟರಿನವರಿಗೆ, ಅಡುಗೆಯವರಿಗೆ ಕೆಲಸವಿಲ್ಲ. ಸೀಸನ್ನಿನಲ್ಲಿ ಮಾತಾಡಿಸಿದರೂ ನಿಲ್ಲದವರು ಆಟಿಯಲ್ಲಿ ರೇಟು ಇಳಿಸಿ ಬರುತ್ತಾರೆ. ಆಟದ ಮೇಳವೂ ಇಲ್ಲದ್ದರಿಂದ ರಾತ್ರಿಗೂ ಪೈಪೋಟಿ ಇಲ್ಲ. ಜುಲೈ ತಿಂಗಳ ಕೊನೆಯ ಶುಕ್ರವಾರ, ಶನಿವಾರ, ಭಾನುವಾರ ಇದಕ್ಕೆ ಹೇಳಿ ಮಾಡಿಸಿದ ದಿನ.

ತೊಂದರೆ ಇಲ್ಲವೆಂದಲ್ಲ. ಮಳೆಗೆ ಕರೆಂಟು ಹೋಗುತ್ತದೆ, ಜನರೇಟರ್ ಬೇಕೇ ಬೇಕು. ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರೆ ಮಕ್ಕಳ ಚಿತ್ರದ ಪ್ರದರ್ಶನ ಬಿದ್ದುಹೋಗುತ್ತದೆ. ತಗಡಿನ ಮಾಡಿನ ಹಾಲ್ ಆದರೆ ಮಳೆಯ ಸದ್ದಿಗೆ ಸಂಭಾಷಣೆ ಕೇಳುವುದಿಲ್ಲ. ಹಾಲ್ ಗೊತ್ತು ಮಾಡುವವರು ಬಿಸಿಲಲ್ಲಿ ನೋಡಿ ಬಂದರೆ ಸಾಲದು, ಮಳೆ ಹೊಯ್ಯುವಾಗ ಒಳಗೆ ನಿಂತು ಕಿವಿಗೊಟ್ಟು ಕೇಳಬೇಕು. ದೋಣಿ ದಡಕ್ಕೆ ಬಿದ್ದಾಗ ಬಂದರಿನವರ ಕೈಯಲ್ಲಿ ಕಾಸೂ ಕಡಿಮೆ. ಆದ್ದರಿಂದ ಅವರಿಗೆ, ಶಾಲಾ ಮಕ್ಕಳಿಗೆ ಪ್ರವೇಶ ಉಚಿತ ಇರಬೇಕು. ಉಚಿತ ಎಂದರೆ ಹಿಂದಿನ ಸಾಲು ಅಂತಲ್ಲ.

ಬಸ್ಸಿನ ಟೈಮೇ ಉತ್ಸವದ ಟೈಮು

ಪೇಟೆಯ ಯಾವ ಕಾರ್ಯಕ್ರಮಕ್ಕೂ ಜನ ಯಾಕೆ ಅರ್ಧಕ್ಕೆ ಏಳುತ್ತಾರೆ? ಕಾರ್ಯಕ್ರಮ ಚೆನ್ನಾಗಿಲ್ಲ ಅಂತಲ್ಲ, ಬಸ್ಸಿಲ್ಲ ಅಂತ. ಸಿದ್ದಾಪುರ, ಹಾಲಾಡಿ, ಕೊಲ್ಲೂರು ಕಡೆಗೆ ಹೋಗಬೇಕಾದವರಿಗೆ ಕತ್ತಲಾದ ಮೇಲೆ ಒಂದೊಂದು ಬಸ್ಸೂ ಚಿನ್ನ. ಕಾರು ಇರುವವನು ಒಂಬತ್ತು ಗಂಟೆಗೂ ಕೂರಬಲ್ಲ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿದ ಹುಡುಗಿ ಕೂರಲಾರಳು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಉಚಿತ ಪ್ರಯಾಣ ಬಂತು. ಆದರೆ ಈ ಕಡೆ ಓಡುವುದರಲ್ಲಿ ಖಾಸಗಿ ಸರ್ವಿಸ್ ಬಸ್ಸೇ ಹೆಚ್ಚು. ಆದ್ದರಿಂದ ಇಲ್ಲಿನವರಿಗೆ ಟಿಕೆಟಿನ ಚಿಂತೆಯೂ ಇದೆ, ಬಸ್ಸಿನ ಚಿಂತೆಯೂ ಇದೆ.

ಆದ್ದರಿಂದ ವೇಳಾಪಟ್ಟಿ ಬರೆಯಲು ಕೂರುವವರು ಮೊದಲು ಸಿನೆಮಾ ಪಟ್ಟಿ ಹಿಡಿಯಬಾರದು, ಬಸ್ ಏಜೆಂಟರ ಹತ್ತಿರ ಹೋಗಿ ಬಸ್ಸಿನ ಟೈಮು ಬರೆದುಕೊಂಡು ಬರಬೇಕು. ಬೆಳಿಗ್ಗೆ ಹತ್ತಕ್ಕೆ ಒಂದು, ಮಧ್ಯಾಹ್ನ ಎರಡಕ್ಕೆ ಒಂದು, ಸಂಜೆ ಐದಕ್ಕೆ ಒಂದು. ಮಾತುಕತೆ ಸೇರಿ ಏಳೂವರೆಗೆ ಬಾಗಿಲು. ದಿನಕ್ಕೆ ಮೂರರಂತೆ ಮೂರು ದಿನಕ್ಕೆ ಒಂಬತ್ತು ಚಿತ್ರ. ಸಾಕು. ಐವತ್ತು ದೇಶದ ಇನ್ನೂರು ಚಿತ್ರ ತೋರಿಸುವ ಕೆಲಸ ಗೋವೆಯವರು ಮಾಡಲಿ. ಅಲ್ಲಿ 2004ರಿಂದ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವ ಕಾಯಂ ಆಗಿ ನೆಲೆಸಿದೆ, ಸರಕಾರದ ಬೊಕ್ಕಸವೂ ಇದೆ. ಸಣ್ಣ ಊರಿನ ಉತ್ಸವ ದೊಡ್ಡದನ್ನು ನೋಡಿ ಕಾಪಿ ಹೊಡೆಯಲು ಹೋದರೆ, ಕಪ್ಪೆ ಎತ್ತಿನಂತಾಗಲು ಹೋದ ಕಥೆ.

ಖಾಸಗಿ ಬಸ್ಸಿನ ಮಾಲಕರಿಗೂ ಒಂದು ಮಾತು. ಆ ಮೂರು ದಿನ ಒಳನಾಡಿನ ಎರಡು ಮೂರು ರೂಟಿನ ಕೊನೆಯ ಬಸ್ಸನ್ನು ಇಪ್ಪತ್ತು ನಿಮಿಷ ತಡೆದು ಬಿಟ್ಟರೆ ನಷ್ಟವಿಲ್ಲ. ಖಾಲಿ ಸೀಟು ತುಂಬುತ್ತದೆ. ಜಾತ್ರೆಗೆ ಬಸ್ಸು ಬಿಡುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ರಶೀದಿ ಪುಸ್ತಕದ ಪುರಾಣ

ಈಗ ದುಡ್ಡಿನ ಮಾತು. ಅಂಗಡಿಯವರು ಇಷ್ಟು ಹೊತ್ತು ಓದಿದ್ದೇ ಈ ಸಾಲಿಗಾಗಿ ಇರಬೇಕು.

ಪೇಟೆಯ ಒಬ್ಬ ಸಾಮಾನ್ಯ ಜಿನಸಿ ಅಂಗಡಿಯವನ ಗಲ್ಲಾದ ಮುಂದೆ ವರ್ಷಕ್ಕೆ ಎಷ್ಟು ರಶೀದಿ ಪುಸ್ತಕ ಬಂದು ಹೋಗುತ್ತವೆ? ಗಣೇಶೋತ್ಸವ, ಶಾರದೋತ್ಸವ, ಬ್ರಹ್ಮಕಲಶ, ಉರೂಸ್, ಚರ್ಚಿನ ಹಬ್ಬ, ಮೊಸರುಕುಡಿಕೆ, ವಾಲಿಬಾಲ್, ಕ್ರಿಕೆಟ್, ಆಟ, ಸನ್ಮಾನ. ಕೊಡದಿದ್ದರೆ ಮುಖ ಸಣ್ಣ, ಕೊಟ್ಟರೆ ಗಲ್ಲಾ ಸಣ್ಣ. ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದವನು ಊರಿನ ವೈರಿ. ಈ ಸಾಲಿನ ಕೊನೆಗೆ ಸಿನೆಮಾದವರೂ ಒಂದು ಪುಸ್ತಕ ಹಿಡಿದು ಬಂದರೆ "ಮುಂದಿನ ಅಂಗಡಿ ಕಾಣಿ" ಎನ್ನುವುದು ಸಹಜ. ತಪ್ಪು ಅಂಗಡಿಯವರದ್ದಲ್ಲ.

ಲೆಕ್ಕ ಹೀಗೆ ಹಾಕಿ ನೋಡಬಹುದು. ಮುನ್ನೂರು ಕುರ್ಚಿಯ ಹಾಲ್. ಮೂರು ದಿನದ ಪ್ರತಿನಿಧಿ ಶುಲ್ಕ ತಲೆಗೆ 200 ರೂಪಾಯಿ ಇಟ್ಟು, ಇನ್ನೂರು ಜನ ಕೊಟ್ಟರೆ 40,000. ಉಳಿದ ನೂರು ಕುರ್ಚಿ ಮಕ್ಕಳಿಗೆ, ಬಂದರಿನವರಿಗೆ. ನೂರಿಪ್ಪತ್ತು ಅಂಗಡಿಗಳು ತಲಾ 500 ಕೊಟ್ಟರೆ 60,000. ಒಟ್ಟು ಒಂದು ಲಕ್ಷ. ಇದರೊಳಗೆ ಹಾಲ್, ಪ್ರೊಜೆಕ್ಟರ್, ಸೌಂಡು, ಡೀಸೆಲ್, ಪೋಸ್ಟರು, ಚಿತ್ರ ಮಾಡಿದವರ ಬಸ್ ಚಾರ್ಜು, ಊಟ, ಒಂದು ಸಾದಾ ರೂಮು ಎಲ್ಲ ಮುಗಿಯಬೇಕು. ಹಾಲ್ ಪುಕ್ಕಟೆ ಸಿಕ್ಕರೆ ಮುಗಿಯುತ್ತದೆ, ಸಿಗದಿದ್ದರೆ ಉಸಿರು ಕಟ್ಟುತ್ತದೆ. ಪುರಭವನ, ಕಾಲೇಜು ಸಭಾಂಗಣಗಳನ್ನು ಕೈಯಲ್ಲಿಟ್ಟುಕೊಂಡವರ ಪಾತ್ರ ಇರುವುದು ಇಲ್ಲೇ.

ಇನ್ನೊಂದು ಖರ್ಚು ಎಲ್ಲರಿಗೂ ಕೊನೆಗೆ ನೆನಪಾಗುತ್ತದೆ. ಅದು ಸಿನೆಮಾದವನಿಗೆ ಕೊಡಬೇಕಾದ ಹಣ. ಶಾಮಿಯಾನದವನಿಗೆ ಬಾಡಿಗೆ, ಮೈಕಿನವನಿಗೆ ಬಾಡಿಗೆ, ಅಡುಗೆಯವನಿಗೆ ಸಂಬಳ. ಎರಡು ವರ್ಷ ಸಾಲ ಮಾಡಿ ಚಿತ್ರ ತೆಗೆದವನಿಗೆ ಮಾತ್ರ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, "ಪ್ರಚಾರ ಸಿಗ್ತದಲ್ಲ" ಎಂಬ ಸಮಾಧಾನ. ಪ್ರಚಾರದಿಂದ ಅಕ್ಕಿ ಬರುವುದಿಲ್ಲ. ಒಂಬತ್ತು ಚಿತ್ರಕ್ಕೆ ತಲಾ ಎರಡು ಸಾವಿರವಾದರೂ ಮೊದಲೇ ಎತ್ತಿಡಬೇಕು. ಸಾಮಾನು ತಂದವನಿಗೆ ಹಣ ಕೊಡಬೇಕು ಎಂಬುದು ಅಂಗಡಿಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಒಬ್ಬ ದೊಡ್ಡ ಕುಳವನ್ನು ಹಿಡಿದರೆ ಒಂದೇ ಚೆಕ್ಕಿನಲ್ಲಿ ಮುಗೀತಲ್ಲ?" ಮುಗಿಯುತ್ತದೆ. ಉತ್ಸವವೂ ಅಲ್ಲಿಗೇ ಮುಗಿಯುತ್ತದೆ. ಒಬ್ಬನ ಚೆಕ್ಕು ಬಂದಲ್ಲಿ ಅವನ ಬ್ಯಾನರು ಬರುತ್ತದೆ, ಬ್ಯಾನರಿನ ಹಿಂದೆ ಅವನ ಭಾಷಣ, ಭಾಷಣದ ಹಿಂದೆ ಅವನ ಅಳಿಯ ತೆಗೆದ ಕಿರುಚಿತ್ರ. ಮರಳಿನ ಮೇಲೆ ಒಂದು ಚಿತ್ರ, ಬಂದರಿನ ಮೇಲೆ ಒಂದು ಚಿತ್ರ ಇದ್ದರೆ "ಅದು ಬೇಡ" ಎಂಬ ಫೋನು. ನೂರಿಪ್ಪತ್ತು ಅಂಗಡಿಯ ಐನೂರು ರೂಪಾಯಿಗೆ ಆ ಅಧಿಕಾರವಿಲ್ಲ. ಅದೇ ಅದರ ಚೆಂದ. ಹನಿಗೂಡಿದ ಹಳ್ಳಕ್ಕೆ ಒಬ್ಬ ಒಡೆಯನಿಲ್ಲ.

ಇದು ಕನಸಿನ ಮಾತಲ್ಲ. ಕೇರಳದ ಕರಾವಳಿಯ ಕಲ್ಲಿಕೋಟೆಯಲ್ಲಿ 1984ರಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು 'ಒಡೆಸ್ಸಾ' ಎಂಬ ಕೂಟ ಕಟ್ಟಿದರು. ಊರೂರಿಗೆ ಹೋಗಿ ಚಾಪ್ಲಿನ್ನನ ಚಿತ್ರ ತೋರಿಸುತ್ತ ಜನರಿಂದ ಸಣ್ಣ ಸಣ್ಣ ಮೊತ್ತ ಎತ್ತಿದರು. ಆ ದುಡ್ಡಿನಲ್ಲಿ 1986ರಲ್ಲಿ 'ಅಮ್ಮ ಅರಿಯಾನ್' ಎಂಬ ಪೂರ್ಣ ಚಿತ್ರವನ್ನೇ ಮಾಡಿದರು. ಉತ್ತರಪ್ರದೇಶದ ಗೋರಖಪುರದಲ್ಲಿ 2006ರಲ್ಲಿ ಶುರುವಾದ ಚಿತ್ರೋತ್ಸವ, ಸರಕಾರದ್ದಾಗಲಿ ಕಂಪೆನಿಯದ್ದಾಗಲಿ ಪ್ರಾಯೋಜನೆ ಬೇಡವೆಂದು ಜನರ ವಂತಿಗೆಯಿಂದಲೇ ನಡೆಯಿತು. ಹಿಮಾಲಯದ ಧರ್ಮಶಾಲೆಯಲ್ಲಿ 2012ರಲ್ಲಿ ಆರಂಭವಾದ ಸ್ವತಂತ್ರ ಚಿತ್ರಗಳ ಉತ್ಸವ ಒಂದು ಸಣ್ಣ ಬೆಟ್ಟದೂರನ್ನು ಚಿತ್ರಪ್ರಿಯರ ನಕ್ಷೆಯಲ್ಲಿ ಸೇರಿಸಿತು. ಹೊರಗಿನವರು ಬಂದರೆ ಲಾಡ್ಜು ತುಂಬುತ್ತದೆ, ಹೋಟೆಲಿನ ಬನ್ಸ್, ಗೋಳಿಬಜೆ ಖರ್ಚಾಗುತ್ತದೆ, ರಿಕ್ಷಾದವರಿಗೆ ಬಾಡಿಗೆ ಸಿಗುತ್ತದೆ. ಆಟಿಯ ಒಣ ವ್ಯಾಪಾರದ ದಿನಗಳಲ್ಲಿ ಇದೇನು ಸಣ್ಣ ಮಾತೇ?

ಒಂದೇ ಷರತ್ತು. ಉತ್ಸವ ಮುಗಿದ ಹದಿನೈದು ದಿನದೊಳಗೆ ಬಂದ ಹಣ, ಹೋದ ಹಣ, ಉಳಿದ ಹಣದ ಪಟ್ಟಿಯನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಬೇಕು. ಯಾರು ಬೇಕಾದರೂ ಓದಲಿ. ಎರಡನೇ ವರ್ಷದ ರಶೀದಿ ಪುಸ್ತಕಕ್ಕೆ ಅದಕ್ಕಿಂತ ದೊಡ್ಡ ಶಿಫಾರಸು ಬೇರೆ ಇಲ್ಲ.

ಕಾಯ್ದೆ, ಕೀಲಿ, ಕರೆಂಟು

ಉತ್ಸಾಹಿಗಳು ಎಡವುವುದು ಇಲ್ಲೇ. ಪೆನ್‌ಡ್ರೈವ್ ಹಾಕಿ ಬಿಳಿ ಬಟ್ಟೆಯ ಮೇಲೆ ಬೆಳಕು ಬಿಟ್ಟರೆ ಉತ್ಸವವಾಯಿತು ಅಂತ ತಿಳಿದವರಿದ್ದಾರೆ. ಹಾಗಲ್ಲ.

ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ 1952ರ ಸಿನೆಮಾಟೋಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಸರ್ಟಿಫಿಕೇಟು ಬೇಕು. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಸರ್ಟಿಫಿಕೇಟ್ ಇಲ್ಲದ ಚಿತ್ರಗಳನ್ನು ಉತ್ಸವದಲ್ಲಿ ತೋರಿಸಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುವ ದಾರಿ ಇದೆ. ಚಿತ್ರಗಳ ಪಟ್ಟಿ, ವಿವರ ಎಲ್ಲ ಮೊದಲೇ ಕಳಿಸಬೇಕು. ವಿನಾಯಿತಿ ಪಡೆದ ಪ್ರದರ್ಶನ ಹೆಸರು ನೋಂದಾಯಿಸಿದ ಪ್ರತಿನಿಧಿಗಳಿಗೆ ಮಾತ್ರ, ವ್ಯಾಪಾರಕ್ಕಲ್ಲ. ಮೊದಲ ವರ್ಷ ಈ ಗೊಡವೆಯೇ ಬೇಡ, ಸರ್ಟಿಫಿಕೇಟ್ ಇರುವ ಒಂಬತ್ತು ಚಿತ್ರ ಆರಿಸಿಕೊಂಡರೆ ಅರ್ಧ ತಲೆನೋವು ಕಡಿಮೆ.

ಜಾಗದ್ದು ಬೇರೆ ಪ್ರಶ್ನೆ. 1964ರ ಕರ್ನಾಟಕ ಸಿನೆಮಾ ನಿಯಂತ್ರಣ ಕಾಯ್ದೆಯಂತೆ ಪ್ರದರ್ಶನದ ಜಾಗಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದ್ದು. ಆದ್ದರಿಂದ ಎರಡು ತಿಂಗಳ ಮೊದಲೇ ಅರ್ಜಿ ಹಿಡಿದು ಹೋಗಬೇಕು. ಹಿಂದಿನ ದಿನ ಓಡಿಹೋಗಿ "ಸಾರ್, ಸ್ವಲ್ಪ" ಅಂದರೆ ಗುಮಾಸ್ತರು ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ, ಅಷ್ಟೆ. ಇನ್ನು ಚಿತ್ರದ ಹಕ್ಕು ಇರುವವರ ಒಪ್ಪಿಗೆ ಕಾಗದದಲ್ಲಿ ಇರಬೇಕು. ಮನೆಯ ಓಟಿಟಿ ಚಂದಾ ಮನೆಯೊಳಗೆ ನೋಡಲಿಕ್ಕೆ, ಮುನ್ನೂರು ಜನರ ಹಾಲಿಗಲ್ಲ. ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ಚಿತ್ರ ಕದ್ದು ನಕಲು ಮಾಡುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದಿಂದ ಮೇಲೆ ದಂಡ ಎಂದು ಹೇಳಿದೆ. ಕದ್ದ ಚಿತ್ರ ತೋರಿಸಿ ಒಳ್ಳೆಯ ಚಿತ್ರವನ್ನು ಬೆಳೆಸುತ್ತೇವೆ ಅನ್ನುವುದು ಕದ್ದ ತೆಂಗಿನಕಾಯಿ ಒಡೆದು ಹರಕೆ ತೀರಿಸಿದ ಹಾಗೆ.

ಯಂತ್ರದ ಕಥೆ ಕೇಳಿ. ಹಿಂದೆ ಪುಣೆಯ ಫಿಲ್ಮ್ ಆರ್ಕೈವ್‌ನಿಂದ ಚಿತ್ರಸಮಾಜಗಳಿಗೆ ರೀಲಿನ ಡಬ್ಬ ಬರುತ್ತಿತ್ತು. 1964ರಲ್ಲಿ ಹುಟ್ಟಿದ ಆ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಹೋಯಿತು. ಡಬ್ಬ ರೈಲಿನಲ್ಲಿ ತಡವಾದರೆ ಪ್ರದರ್ಶನ ತಡ. ಈಗ ಡಬ್ಬ ಇಲ್ಲ, ಹಾರ್ಡ್ ಡಿಸ್ಕ್ ಬರುತ್ತದೆ. ಚಿತ್ರಮಂದಿರದಲ್ಲಿ ತೋರಿಸುವ ಆ ಪ್ರತಿಗೆ ಡಿಸಿಪಿ ಅಂತ ಹೆಸರು. ಅನೇಕ ಡಿಸಿಪಿಗಳಿಗೆ ಬೀಗ ಇರುತ್ತದೆ. ಬೀಗದ ಕೀಲಿ ಇ-ಮೇಲಿನಲ್ಲಿ ಬರುತ್ತದೆ. ಆ ಕೀಲಿ ಒಂದೇ ಯಂತ್ರಕ್ಕೆ, ಇಂತಿಷ್ಟೇ ದಿನಕ್ಕೆ, ಇಂತಿಷ್ಟೇ ಗಂಟೆಗೆ. ಯಂತ್ರದ ನಂಬರಿನಲ್ಲಿ ಒಂದಕ್ಷರ ತಪ್ಪಿದರೆ, ಪ್ರದರ್ಶನ ಒಂದು ದಿನ ಮುಂದೆ ಹೋದರೆ, ಮುನ್ನೂರು ಜನ ಕಾಯುತ್ತಿದ್ದರೂ ಪರದೆ ಕಪ್ಪಗೆ. ಬೇರೆ ಹಾಲ್‌ಗಳಲ್ಲಿ ಸಾದಾ ಪ್ರೊಜೆಕ್ಟರಿಗೆ ಬೇರೆ ಬಗೆಯ ಪ್ರತಿ ಬೇಕು. ಏನೇ ಇರಲಿ, ಹಿಂದಿನ ರಾತ್ರಿ ಪ್ರತಿ ಚಿತ್ರದ ಹತ್ತು ನಿಮಿಷ ಹಾಕಿ ನೋಡದ ಉತ್ಸವ ಉತ್ಸವವಲ್ಲ. ಅಡುಗೆಯವನು ಸಾರು ರುಚಿ ನೋಡದೆ ಎಲೆ ಹಾಕುತ್ತಾನೆಯೇ?

ಶಾಲು, ಹಾರ, ಸ್ಮರಣಿಕೆ

ಇಷ್ಟೆಲ್ಲ ಸರಿಹೋದ ಮೇಲೂ ಉತ್ಸವವನ್ನು ಕೊಲ್ಲುವ ಒಂದು ಆಯುಧ ಉಳಿದಿದೆ. ಅದರ ಹೆಸರು ಸಭಾ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗಿಸುವುದು, ಉದ್ಘಾಟಕರ ಎರಡು ಮಾತು (ಅದು ಎರಡು ಗಂಟೆ), ಏಳು ಜನ ಮುಖ್ಯ ಅತಿಥಿಗಳು, ಹದಿನಾಲ್ಕು ಸನ್ಮಾನ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಅಷ್ಟರಲ್ಲಿ ಹತ್ತು ಗಂಟೆಯ ಚಿತ್ರ ಒಂದು ಗಂಟೆಗೆ. ಒಂದರ ಚಿತ್ರ ನಾಲ್ಕಕ್ಕೆ. ಸಂಜೆಯ ಚಿತ್ರ ನೋಡಲು ಬಂದವರಿಗೆ ಕೊನೇ ಬಸ್ಸಿನ ಹಾರ್ನು ಕೇಳುತ್ತದೆ.

ಉದ್ಘಾಟನೆ ಬೇಕಾದರೆ ಹತ್ತು ನಿಮಿಷ. ಊರಿನ ಹಳೇ ಪ್ರೊಜೆಕ್ಟರ್ ಆಪರೇಟರ್ ಯಾರಾದರೂ ಇದ್ದರೆ ಅವರ ಕೈಯಲ್ಲಿ ಸ್ವಿಚ್ ಒತ್ತಿಸಬಹುದು. ಚಿತ್ರಮಂದಿರದ ಹಿಂದಿನ ಆ ಸಣ್ಣ ಬಿಸಿ ಕೋಣೆಯಲ್ಲಿ ಕೂತು ರೀಲು ಬದಲಿಸುತ್ತ ಊರಿಗೆಲ್ಲ ಸಿನೆಮಾ ತೋರಿಸಿದವರನ್ನು ಇದುವರೆಗೆ ಯಾವ ವೇದಿಕೆಯೂ ಕರೆದಿಲ್ಲ. ಜನಪ್ರತಿನಿಧಿಗಳು ಬರಲಿ, ಸ್ವಾಗತ. ಪ್ರೇಕ್ಷಕರ ಸಾಲಿನಲ್ಲಿ ಕುರ್ಚಿ ಇರುತ್ತದೆ, ಚಿತ್ರವೂ ಕಾಣುತ್ತದೆ.

ಗಲಾಟೆಯ ಭಯ

ಕೊನೆಯದ್ದು, ಎಲ್ಲರೂ ಪಿಸುಗುಟ್ಟುವ ಮಾತು. "ಯಾವುದಾದರೂ ಚಿತ್ರಕ್ಕೆ ಯಾರಾದರೂ ತಕರಾರು ಎತ್ತಿದರೆ?" ಕರಾವಳಿಯ ಗಾಳಿ ಹೇಗಿದೆ ಎಂದು ಗೊತ್ತಿರುವವರು ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸುವಂತಿಲ್ಲ. ನಾಲ್ಕು ಜನ ಬಾಗಿಲಲ್ಲಿ ನಿಂತು ಕೂಗಿದರೆ ಹಾಲಿನವರು ಹೆದರುತ್ತಾರೆ, ಹಾಲಿನವರು ಹೆದರಿದರೆ ಚಿತ್ರ ರದ್ದು, ಒಮ್ಮೆ ರದ್ದಾದರೆ ಮುಂದಿನ ವರ್ಷ ಆರಿಸುವವರ ಕೈಯೇ ನಡುಗುತ್ತದೆ. ಆಮೇಲೆ ಯಾರೂ ಬಂದು ತಡೆಯಬೇಕಿಲ್ಲ, ತಾವೇ ತಡೆದುಕೊಳ್ಳುತ್ತಾರೆ.

ಕಾನೂನು ಮಾತ್ರ ಇದರಲ್ಲಿ ಸ್ಪಷ್ಟವಿದೆ. ತಮಿಳಿನ 'ಒರೇ ಒರು ಗ್ರಾಮತ್ತಿಲೆ' ಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು: ಮೆರವಣಿಗೆ, ಹಿಂಸೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಅದುಮುವಂತಿಲ್ಲ, ರಕ್ಷಣೆ ಕೊಡುವುದು ಸರಕಾರದ ಕೆಲಸ. 2025ರ ಜೂನಿನಲ್ಲಿ ಇನ್ನೊಂದು ತಮಿಳು ಚಿತ್ರ ಕರ್ನಾಟಕದಲ್ಲಿ ಬಿಡುಗಡೆಯಾಗದೆ ನಿಂತಾಗಲೂ ಅದೇ ಕೋರ್ಟು ಇದೇ ಮಾತನ್ನು ಮತ್ತೆ ನೆನಪಿಸಿತು. ಕನ್ನಡಿಗರಿಗೆ ಇದು ಹೊಸ ಪಾಠವೂ ಅಲ್ಲ. 1970ರ 'ಸಂಸ್ಕಾರ'ವನ್ನು ಮೊದಲು ತಡೆದದ್ದು, ಆಮೇಲೆ ಬಿಟ್ಟದ್ದು, ಅದಕ್ಕೇ ಸ್ವರ್ಣಪದಕ ಬಂದದ್ದು ಎಲ್ಲ ಚರಿತ್ರೆ. ಅಂದು ತಡೆದವರ ಹೆಸರು ಯಾರಿಗೂ ನೆನಪಿಲ್ಲ.

ಆದರೆ ಕೋರ್ಟಿನ ತೀರ್ಪು ಹಾಲಿನ ಬಾಗಿಲು ಕಾಯುವುದಿಲ್ಲ. ಬಾಗಿಲು ಕಾಯುವವರು ಪೊಲೀಸರು ಮತ್ತು ಪಕ್ಕದ ಅಂಗಡಿಯವರು. ಉತ್ಸವ ನಾಲ್ಕು ಹುಡುಗರದ್ದಾದರೆ ಅದನ್ನು ನಿಲ್ಲಿಸುವುದು ಸುಲಭ. ನೂರಿಪ್ಪತ್ತು ಅಂಗಡಿಯದ್ದಾದರೆ ಕೂಗಲು ಬಂದವರು ಒಂದು ಕ್ಷಣ ಯೋಚಿಸುತ್ತಾರೆ. ಐನೂರು ರೂಪಾಯಿಯ ನಿಜವಾದ ಬೆಲೆ ಅದು. ಅಂಗಡಿಯವರು ಕೊಡುವುದು ವಂತಿಗೆಯಲ್ಲ, ಸಾಕ್ಷಿ.

ಚಿತ್ರ ಇಷ್ಟವಾಗದಿದ್ದರೆ? ಕೂತು ನೋಡಿ, ಮುಗಿದ ಮೇಲೆ ಎದ್ದು ನಿಂತು ಬೈಯುವ ಹಕ್ಕು ಪ್ರತಿಯೊಬ್ಬರಿಗೂ ಇ‌ರಬೇಕು. ತಾಳಮದ್ದಳೆಯ ಊರಿಗೆ ಅದನ್ನು ಹೇಳಿಕೊಡಬೇಕೇ?

ಹಾಗಾದರೆ ಯಾರು ಏನು ಮಾಡಬೇಕು?

ಕೆಲಸ ಬಹಳವಿಲ್ಲ. ಸಭಾಂಗಣದವರು ಆಟಿಯಲ್ಲಿ ಹೇಗೂ ಬೀಗ ಹಾಕಿಟ್ಟ ಹಾಲನ್ನು ಮೂರು ದಿನ ತೆರೆಯಲಿ. ಬಸ್ಸಿನವರು ಇಪ್ಪತ್ತು ನಿಮಿಷ ಕಾಯಲಿ. ಅಂಗಡಿಯವರು ಐನೂರು ಕೊಟ್ಟು ಲೆಕ್ಕ ಕೇಳಲಿ. ಅಧಿಕಾರಿಗಳು ಅರ್ಜಿಯನ್ನು ಮೇಜಿನ ಡ್ರಾಯರಿನಲ್ಲಿ ಮಲಗಿಸದಿರಲಿ. ಹುಡುಗರು ಸಭೆ ಕಡಿಮೆ ಮಾಡಿ ಪ್ರೊಜೆಕ್ಟರ್ ಚೆಕ್ ಮಾಡಲಿ. ಕಾಲೇಜುಗಳು ಹಾಜರಿ ಪುಸ್ತಕ ಮುಚ್ಚಿಟ್ಟು ಮಕ್ಕಳನ್ನು ಕಳಿಸಲಿ.

ಮೊದಲ ವರ್ಷ ಮುನ್ನೂರು ಕುರ್ಚಿಯಲ್ಲಿ ನೂರು ತುಂಬಿದರೂ ಸೋಲಲ್ಲ. ಆ ನೂರರಲ್ಲಿ ಒಬ್ಬಳು ಗಂಗೊಳ್ಳಿಯ ಹುಡುಗಿ 'ಪಡ್ಡಾಯಿ' ನೋಡಿ, ಇದು ತನ್ನ ಅಪ್ಪನ ದೋಣಿ, ತನ್ನ ಮನೆಯ ಮಾತು, ಇದನ್ನೂ ಸಿನೆಮಾ ಮಾಡಬಹುದೇ ಅಂತ ಯೋಚಿಸುತ್ತ ಹೊರಗೆ ಬಂದರೆ ಉತ್ಸವದ ಖರ್ಚು ಹುಟ್ಟಿತು.

ಹೊರಗೆ ಬಂದಾಗ ಅವಳಿಗೆ ಮನೆಗೆ ಹೋಗಲು ಬಸ್ಸು ಸಿಗಬೇಕು. ಸಂಬಂಧಪಟ್ಟವರು ಗಮನಿಸುವರೇ?